ಹಳೆ ಬಗ್ಗಿಗೆ ಹೊಸ ಟ್ರಾನ್ಸ್‌ಮಿಟರ್

ನನ್ನ ಹತ್ತಿರ ರಿಮೋಟಿನಿಂದ ಓಡಿಸುವ 1:10 ಅಳತೆಯ ಒಂದು ಬಗ್ಗಿ, ಅಂದರೆ ಆಟದ ಕಾರು ಇದೆ. ಮೋಟರಿನ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಬ್ರಶ್ ಇರುವ ಮೋಟರ್, ಆರು ಸೆಲ್ಲಿನ 7.2 ವೋಲ್ಟ್ ಬ್ಯಾಟರಿ. ಗಾಡಿ ಗಟ್ಟಿಮುಟ್ಟಾಗಿದೆ. ರೇಡಿಯೋ ಮಾತ್ರ 27 ಮೆಗಾಹರ್ಟ್ಸ್ ಕಾಲದ್ದು. ಇಪ್ಪತ್ತು ಹೆಜ್ಜೆ ದೂರ ಹೋದರೆ ಮುಂದಿನ ಚಕ್ರ ತಿರುಗಿಸುವ ಸರ್ವೋ ಎಂಬ ಪುಟ್ಟ ಮೋಟರ್ ತನ್ನಷ್ಟಕ್ಕೆ ಅದುರುತ್ತಿತ್ತು. ವೇಗ ಕೊಡಲು ರಿಮೋಟಿನ ಟ್ರಿಗರ್ ಜೋರಾಗಿ ಎಳೆದರೆ ಮುಂದಿನ ಚಕ್ರಗಳು ಅತ್ತಿತ್ತ ಹೊಯ್ದಾಡುತ್ತಿದ್ದವು. ಬ್ರಶ್‌ಗಳಲ್ಲಿ ಹಾರುವ ಕಿಡಿಯ ಗದ್ದಲವನ್ನೂ ಗಾಡಿಯೊಳಗಿನ ಆ ಹಳೆ ರಿಸೀವರ್ ಸಿಗ್ನಲ್ ಅಂದುಕೊಳ್ಳುತ್ತದೆ.

ಫ್ರೀಕ್ವೆನ್ಸಿ ನಿಗದಿ ಮಾಡುವ ಕ್ರಿಸ್ಟಲ್ ಎಂಬ ಬಿಡಿಭಾಗ ಚುಚ್ಚುವ ಹಳೆ ಪದ್ಧತಿ ನೋಡಿರದವರಿಗೆ ಒಂದೆರಡು ಮಾತು. 27 ಮೆಗಾಹರ್ಟ್ಸ್‌ನಲ್ಲಿ ಆರು ಚಾನೆಲ್‌ಗಳಿದ್ದವು. ಒಂದೊಂದಕ್ಕೂ ಒಂದೊಂದು ಬಣ್ಣ. 26.995 ಕಂದು, 27.045 ಕೆಂಪು, ಹೀಗೆ 27.255ರ ನೀಲಿಯವರೆಗೆ. ಮೈದಾನದಲ್ಲಿ ಇಬ್ಬರ ಬಣ್ಣ ಒಂದೇ ಆಗಿದ್ದರೆ ಒಬ್ಬರು ಗಾಡಿ ನಿಲ್ಲಿಸಲೇಬೇಕು. ಇಲ್ಲದಿದ್ದರೆ ಒಬ್ಬರ ಟ್ರಿಗರ್ ಇನ್ನೊಬ್ಬರ ಗಾಡಿಯನ್ನೂ ಓಡಿಸುತ್ತದೆ. ಟ್ರಾನ್ಸ್‌ಮಿಟರಿನ ಕ್ರಿಸ್ಟಲ್ಲೂ ರಿಸೀವರಿನ ಕ್ರಿಸ್ಟಲ್ಲೂ ನೋಡಲು ಒಂದೇ ಥರ. ಆದರೆ ಎರಡರ ನಡುವೆ 455 ಕಿಲೋಹರ್ಟ್ಸ್ ವ್ಯತ್ಯಾಸ ಇರುತ್ತದೆ. ಅದಲು ಬದಲು ಹಾಕಿದರೆ ಗಾಡಿ ಅಲುಗಾಡುವುದಿಲ್ಲ.

ನನ್ನ ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಈ ಬಗ್ಗಿ ಎಂದರೆ ಅವಳಿಗೆ ಪ್ರಾಣ. ಅವಳ ಕೈಗೆ ಕೊಡುವ ಗಾಡಿ ಹೇಳಿದ ಮಾತು ಕೇಳಬೇಕು, ಅಲ್ವಾ? ಹಾಗಾಗಿ ಆರಂಭದ ಹಂತದ ಒಂದು 2.4 ಗಿಗಾಹರ್ಟ್ಸ್ ಸೆಟ್ ತಂದೆ. ಅದನ್ನು ಗಾಡಿಗೆ ಕೂರಿಸಿ, ಅಳೆದು, ಓಡಿಸಿ, ಬಿಚ್ಚಿ ನೋಡಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಡಬ್ಬಿಯಲ್ಲಿ ಇದ್ದದ್ದು

ಪಿಸ್ತೂಲಿನಂತೆ ಹಿಡಿಯುವ ಟ್ರಾನ್ಸ್‌ಮಿಟರ್. ಎಡಗೈಯಲ್ಲಿ ಹಿಡಿ, ತೋರುಬೆರಳಿಗೆ ಟ್ರಿಗರ್, ಬಲಗೈಗೆ ಸ್ಪಂಜು ಸುತ್ತಿದ ಪುಟ್ಟ ಸ್ಟೀರಿಂಗ್ ಚಕ್ರ. ಟ್ರಿಗರ್ ಎಳೆದರೆ ಮುಂದಕ್ಕೆ, ಒತ್ತಿದರೆ ಬ್ರೇಕ್ ಮತ್ತು ಹಿಂದಕ್ಕೆ. ಮೂರು ಚಾನೆಲ್, ಇಲ್ಲಿ ಚಾನೆಲ್ ಎಂದರೆ ಬೇರೆಯಾಗಿ ನಡೆಸಬಹುದಾದ ಒಂದೊಂದು ಕೆಲಸ. ಸ್ಟೀರಿಂಗಿಗೂ ವೇಗ ನಡೆಸುವ ಥ್ರಾಟಲ್‌ಗೂ ನಡುಸ್ಥಾನ ತುಸು ಸರಿಸುವ ಒಂದೊಂದು ಟ್ರಿಮ್ ಗುಂಡಿ, ಸ್ಟೀರಿಂಗಿನ ತಿರುವು ತಗ್ಗಿಸುವ ಡ್ಯುಯಲ್ ರೇಟ್ ಗುಂಡಿ, ದಿಕ್ಕು ತಿರುಗಿಸಲು ಎರಡು ರಿವರ್ಸ್ ಸ್ವಿಚ್. ಮೂರನೇ ಚಾನೆಲ್ಲಿಗೆ ಹೆಬ್ಬೆರಳ ಹತ್ತಿರ ಒಂದು ಬಟನ್. ಕೆಳಗಿನ ಬುಡದಲ್ಲಿ ನಾಲ್ಕು ಎಎ ಸೆಲ್ಲು. ಪರದೆ ಇಲ್ಲ. ಬೇರೆ ಬೇರೆ ಗಾಡಿಯ ಸೆಟ್ಟಿಂಗ್ ನೆನಪಿಡುವ ಮೆಮೊರಿ ಇಲ್ಲ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಮಿತಿ ಇಡುವ ಎಂಡ್ ಪಾಯಿಂಟ್ ಸೌಲಭ್ಯವೂ ಇಲ್ಲ. ಇವುಗಳಲ್ಲಿ ಕೊನೆಯದ್ದೇ ಮುಂದೆ ನನಗೆ ಜಾಸ್ತಿ ಕೆಲಸ ಕೊಟ್ಟಿತು.

ಸೆಲ್ಲು ಹಾಕದೆ ಕೈಯಲ್ಲಿ ಹಿಡಿದರೆ ತಲೆ ಭಾರ. ಸೆಲ್ಲು ಹಾಕಿದ ಮೇಲೆ ಭಾರ ಬುಡಕ್ಕೆ ಇಳಿದು ಹಿಡಿತ ಸರಿಯಾಯಿತು, ಮೇಜಿನ ಮೇಲೂ ನೆಟ್ಟಗೆ ನಿಂತಿತು. ಹುಡುಗಿಯ ಬೆರಳು ಟ್ರಿಗರಿನ ಒಳಗೆ ಪೂರ್ತಿ ಹೋಗುತ್ತದೆ, ಆದರೆ ಕೊನೆಯವರೆಗೆ ಎಳೆಯಲು ಹಿಡಿಯನ್ನು ಸ್ವಲ್ಪ ಮೇಲೆ ಹಿಡಿಯಬೇಕು. ಅವಳು ತಾನೇ ಹಿಡಿದು ನೋಡಿ ಹಾಗೆ ಹೊಂದಿಸಿಕೊಂಡಳು.

ರಿಸೀವರ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರಿಂದ ಒಂದು ಗೇಣಿನಷ್ಟು ಬೂದು ಬಣ್ಣದ ತೆಳು ಕೇಬಲ್ ಹೊರಬಂದಿದೆ. ಈ ಕೇಬಲ್ಲಿನ ಕಥೆ ಮುಂದೆ ಬರುತ್ತದೆ.

ಇನ್ನೊಂದು ವಿಷಯ. 2.4 ಗಿಗಾಹರ್ಟ್ಸ್ ಎಂದ ಮಾತ್ರಕ್ಕೆ ಯಾವ ಟ್ರಾನ್ಸ್‌ಮಿಟರಿಗೂ ಯಾವ ರಿಸೀವರಾದರೂ ಹೊಂದುತ್ತದೆ ಅಂತಲ್ಲ. ಫ್ಲೈಸ್ಕೈ ಕಂಪನಿಯವರದ್ದು ಎಎಫ್‌ಎಚ್‌ಡಿಎಸ್ 2ಎ, ಫುಟಾಬಾದವರದ್ದು ಟಿ-ಎಫ್‌ಎಚ್‌ಎಸ್‌ಎಸ್, ಸ್ಪೆಕ್ಟ್ರಮ್‌ನವರದ್ದು ಡಿಎಸ್‌ಎಂಆರ್. ಒಬ್ಬೊಬ್ಬರದ್ದು ಒಂದೊಂದು ಭಾಷೆ. ಮುಂದೆ ಎರಡನೇ ಗಾಡಿಗೆ ರಿಸೀವರ್ ಕೊಳ್ಳುವಾಗ ಇದೇ ಭಾಷೆಯದ್ದೇ ಬೇಕು. ಸೆಟ್ ಆರಿಸುವಾಗ ನಾನು ಮೊದಲು ನೋಡಿದ್ದು ಬಿಡಿ ರಿಸೀವರ್ ಸುಲಭವಾಗಿ ಸಿಗುತ್ತದಾ ಎಂದು.

ವೈರ್ ಜೋಡಣೆ

ಸರ್ವೋ ವೈರ್ ಮೂರು. ಕಂದು ಅಥವಾ ಕಪ್ಪು ಎಂದರೆ ನೆಗೆಟಿವ್, ನಡುವಿನ ಕೆಂಪು ಪಾಸಿಟಿವ್, ಕಿತ್ತಳೆ ಅಥವಾ ಬಿಳಿ ಎಂದರೆ ಸಿಗ್ನಲ್. ಸ್ಟೀರಿಂಗ್ ಸರ್ವೋ ರಿಸೀವರಿನ ಸಿಎಚ್ 1ಕ್ಕೆ, ಅಂದರೆ ಮೊದಲ ಚಾನೆಲ್ಲಿನ ಕಿಂಡಿಗೆ, ಮೋಟರ್ ನಡೆಸುವ ಇಎಸ್‌ಸಿ ಸಿಎಚ್ 2ಕ್ಕೆ. ರಿಸೀವರಿಗೆ ಬೇರೆ ಬ್ಯಾಟರಿ ಬೇಡ. ಇಎಸ್‌ಸಿ ಒಳಗಿರುವ ಬಿಇಸಿ ಎಂಬ ಭಾಗ ಮುಖ್ಯ ಬ್ಯಾಟರಿಯ ವೋಲ್ಟೇಜನ್ನು 5ಕ್ಕೆ ಇಳಿಸಿ ಸಿಎಚ್ 2ರ ಕೆಂಪು ವೈರಿನ ಮೂಲಕವೇ ಕೊಡುತ್ತದೆ. ಅಲ್ಲಿಂದ ಸರ್ವೋಗೂ ಹೋಗುತ್ತದೆ.

ನನ್ನ ಹಳೆ ಸರ್ವೋದ ಪ್ಲಗ್ಗಿಗೆ ಪಕ್ಕದಲ್ಲಿ ಒಂದು ಸಣ್ಣ ಕಿವಿ ಇತ್ತು. ಹಳೆ ರಿಸೀವರಿನಲ್ಲಿ ಅದಕ್ಕೆ ತಕ್ಕ ಸೀಳು ಇತ್ತು, ಹೊಸದರಲ್ಲಿ ಇಲ್ಲ. ಬ್ಲೇಡಿನಿಂದ ಆ ಕಿವಿಯನ್ನು ತೆಳ್ಳಗೆ ಎರಡು ಮೂರು ಸಲ ಕೆತ್ತಿ ತೆಗೆದೆ. ಒಂದೇ ಏಟಿಗೆ ಕತ್ತರಿಸಲು ಹೋದರೆ ಪ್ಲಗ್ಗಿನ ಗೋಡೆಯೇ ಸೀಳಬಹುದು. ಕಿವಿ ಹೋದ ಮೇಲೆ ಪ್ಲಗ್ ಉಲ್ಟಾ ಕೂಡ ಕೂರುತ್ತದೆ, ಅದು ನೆನಪಿರಲಿ. ರಿಸೀವರಿನ ಮೇಲೆ ಅಚ್ಚಾಗಿರುವ ಗುರುತು ನೋಡಿ, ಸಿಗ್ನಲ್ ವೈರ್ ಯಾವ ಕಡೆ ಬರಬೇಕೋ ಅಲ್ಲಿಗೇ ಬರುವಂತೆ ಹಾಕಿದೆ. ಪಾಸಿಟಿವ್ ನಡುವೆ ಇರುವುದರಿಂದ ಉಲ್ಟಾ ಹಾಕಿದರೂ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ಸರ್ವೋ ಸುಮ್ನೆ ಕೂತಿರುತ್ತದೆ ಅಷ್ಟೇ.

ಸೆಟ್ ಕಾರ್ಖಾನೆಯಿಂದಲೇ ಬೈಂಡ್ ಆಗಿ, ಅಂದರೆ ಎರಡಕ್ಕೂ ಒಂದಕ್ಕೊಂದರ ಗುರುತು ಹಿಡಿಸಿ ಬಂದಿತ್ತು. ಆದರೂ ಕಲಿಯೋಣ ಎಂದು ಮತ್ತೆ ಮಾಡಿದೆ. ರಿಸೀವರಿನ ಬೈಂಡ್ ಕಿಂಡಿಗೆ ಪುಟ್ಟ ಬೈಂಡ್ ಪ್ಲಗ್ ಚುಚ್ಚಿ ಗಾಡಿ ಆನ್ ಮಾಡಿದರೆ ಎಲ್‌ಇಡಿ ಪಟಪಟ ಮಿಟುಕುತ್ತದೆ. ಟ್ರಾನ್ಸ್‌ಮಿಟರಿನ ಬೈಂಡ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಮಿಟುಕು ನಿಲ್ಲುತ್ತದೆ. ಪ್ಲಗ್ ತೆಗೆದು ಎರಡನ್ನೂ ಆರಿಸಿ ಮತ್ತೆ ಹಚ್ಚಿದರೆ ಮುಗಿಯಿತು. ಟ್ರಾನ್ಸ್‌ಮಿಟರಿನ ಗುರುತಿನ ಸಂಖ್ಯೆಯನ್ನು ರಿಸೀವರ್ ನೆನಪಿಟ್ಟುಕೊಳ್ಳುತ್ತದೆ. ಪಕ್ಕದಲ್ಲಿ ಅದೇ ಕಂಪನಿಯ ಹತ್ತು ಟ್ರಾನ್ಸ್‌ಮಿಟರ್ ಇದ್ದರೂ ಅದು ತನ್ನದನ್ನು ಬಿಟ್ಟು ಬೇರೆಯದರ ಮಾತು ಕೇಳುವುದಿಲ್ಲ. ಬಣ್ಣ ನೋಡಿ ಗಾಡಿ ಬಿಡುತ್ತಿದ್ದ ಕಾಲ ಕಂಡ ನನಗೆ ಇದು ಇವತ್ತಿಗೂ ಖುಷಿ ಕೊಡುವ ವಿಷಯ.

ಇದರ ಜೊತೆಗೆ ಟ್ರಾನ್ಸ್‌ಮಿಟರ್ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಒಂದೇ ಕಡೆ ನಿಲ್ಲದೆ ಜಿಗಿಯುತ್ತಾ ಇರುತ್ತದೆ. ಒಂದು ಕಡೆ ಗದ್ದಲ ಇದ್ದರೆ ಮುಂದಿನ ಜಿಗಿತದಲ್ಲಿ ಮಾತು ತಲುಪುತ್ತದೆ. ಹೀಗೆ ಜಿಗಿಯುವ ಒಂದು ಉಪಾಯಕ್ಕೆ 1942ರಲ್ಲೇ ಪೇಟೆಂಟ್ ಪಡೆದವರು ಹೆಡಿ ಲಮಾರ್ ಎಂಬ ನಟಿ ಮತ್ತು ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ. ಟಾರ್ಪಿಡೋಗೆ ಕಳಿಸುವ ರೇಡಿಯೋ ಆಜ್ಞೆಯನ್ನು ಶತ್ರು ಕೆಡಿಸದಂತೆ ತಡೆಯುವುದು ಅವರ ಉದ್ದೇಶವಾಗಿತ್ತು. ತಾನಾಗಿ ನುಡಿಯುವ ಪಿಯಾನೋದಲ್ಲಿರುವಂಥ ರಂಧ್ರ ಕೊರೆದ ಕಾಗದದ ಸುರುಳಿಯಿಂದ ಜಿಗಿತದ ಲೆಕ್ಕ, ಒಟ್ಟು 88 ಫ್ರೀಕ್ವೆನ್ಸಿ. ಹುಡುಗಿಗೆ ಇದನ್ನು ಹೇಳಿದಾಗ ಕಣ್ಣರಳಿಸಿ ಕೇಳಿದಳು.

ಮೊದಲ ಚಾಲನೆ, ಚಕ್ರ ನೆಲಕ್ಕೆ ತಾಗದಂತೆ

ಗಾಡಿಯನ್ನು ಒಂದು ಡಬ್ಬದ ಮೇಲೆ ಕೂರಿಸಿದೆ. ನಾಲ್ಕೂ ಚಕ್ರ ಗಾಳಿಯಲ್ಲಿ. ಮೊದಲು ಟ್ರಾನ್ಸ್‌ಮಿಟರ್ ಆನ್, ಆಮೇಲೆ ಗಾಡಿ. ಆರಿಸುವಾಗ ಮೊದಲು ಗಾಡಿ, ಆಮೇಲೆ ಟ್ರಾನ್ಸ್‌ಮಿಟರ್. ಈ ಕ್ರಮವನ್ನು ಹುಡುಗಿಗೆ ಬಾಯಿಪಾಠ ಮಾಡಿಸಿದ್ದೇನೆ.

ಸ್ಟೀರಿಂಗ್ ಉಲ್ಟಾ ತಿರುಗಿತು. ರಿವರ್ಸ್ ಸ್ವಿಚ್ ಹಾಕಿದೆ, ಸರಿಯಾಯಿತು.

ಥ್ರಾಟಲ್‌ನಲ್ಲಿ ಸ್ವಲ್ಪ ಯೋಚನೆ ಬೇಕು. ಟ್ರಿಗರ್ ಎಳೆದೆ, ಮೋಟರ್ ತಿರುಗಲಿಲ್ಲ. ಬಿಟ್ಟು ಮತ್ತೆ ಎಳೆದೆ, ಈಗ ಹಿಂದಕ್ಕೆ ತಿರುಗಿತು. ಇಂಥ ಕಡೆ ಮೋಟರಿನ ಎರಡು ವೈರ್ ಅದಲು ಬದಲು ಮಾಡಿಬಿಡೋಣ ಅನ್ನಿಸುತ್ತದೆ. ಮಾಡಬಾರದು. ಮೊದಲ ಎಳೆತಕ್ಕೆ ಸುಮ್ಮನಿದ್ದು ಎರಡನೆಯದಕ್ಕೆ ತಿರುಗಿತು ಎಂದರೆ ಆ ಕಡೆಯನ್ನು ಇಎಸ್‌ಸಿ ಬ್ರೇಕ್ ಮತ್ತು ರಿವರ್ಸ್ ಎಂದು ಓದುತ್ತಿದೆ ಎಂದರ್ಥ. ವೈರ್ ಬದಲಿಸಿದರೆ ಗಾಡಿ ಮುಂದೆ ಹೋಗುತ್ತದೆ ನಿಜ, ಆದರೆ ರಿವರ್ಸಿಗೆ ಮೀಸಲಿಟ್ಟ ಕಡಿಮೆ ಶಕ್ತಿಯಲ್ಲಿ ಹೋಗುತ್ತದೆ. ಬ್ರೇಕೂ ಸಿಗುವುದಿಲ್ಲ. ಟ್ರಾನ್ಸ್‌ಮಿಟರಿನ ಥ್ರಾಟಲ್ ರಿವರ್ಸ್ ಸ್ವಿಚ್ ಹಾಕಿದೆ. ಈಗ ಎಳೆದ ತಕ್ಷಣ ಮುಂದಕ್ಕೆ. ಮೊದಲ ಎಳೆತಕ್ಕೇ ತಿರುಗಿ, ದಿಕ್ಕು ಮಾತ್ರ ತಪ್ಪಿದ್ದರೆ ಆಗ ಮೋಟರ್ ವೈರ್ ಬದಲಿಸುವುದು ಸರಿ.

ಆಮೇಲೆ ಇಎಸ್‌ಸಿಗೆ ಹೊಸ ಟ್ರಿಗರಿನ ಅಳತೆ ಕಲಿಸಿದೆ. ಅದರ ಸೆಟ್ ಬಟನ್ ಒತ್ತಿ ಹಿಡಿದು ಆನ್ ಮಾಡುವುದು, ನಡುವೆ ಒಂದು ಸಲ, ಪೂರ್ತಿ ಎಳೆದು ಒಂದು ಸಲ, ಪೂರ್ತಿ ಒತ್ತಿ ಒಂದು ಸಲ ಬಟನ್ ಒತ್ತುವುದು. ಎರಡು ನಿಮಿಷದ ಕೆಲಸ. ಇದಕ್ಕೆ ಮೊದಲು ಥ್ರಾಟಲ್ ಟ್ರಿಮ್ ನಡುವಿಗೆ ಇರಬೇಕು.

ಸ್ಟೀರಿಂಗ್ ನಡು ಹಿಡಿಯಲು ಟ್ರಿಮ್ ಮುಟ್ಟುವ ಮೊದಲು ಸರ್ವೋದ ಕೈ ಬಿಚ್ಚಿದೆ. ಟ್ರಿಮ್ ನಡುವೆ ಇಟ್ಟು, ಎಲ್ಲ ಆನ್ ಮಾಡಿ, ಸರ್ವೋ ತಾನಾಗಿ ನಡುವಿಗೆ ಬಂದ ಮೇಲೆ ಕೈಯನ್ನು ಆದಷ್ಟು ನೆಟ್ಟಗೆ ಕೂರಿಸಿದೆ. ನನ್ನ ಸರ್ವೋದ ದಂಡಕ್ಕೆ 25 ಹಲ್ಲು. ಒಂದು ಹಲ್ಲು ಸರಿಸಿದರೆ 14.4 ಡಿಗ್ರಿ. ಅದಕ್ಕಿಂತ ಚಿಕ್ಕ ವ್ಯತ್ಯಾಸ ಮಾತ್ರ ಟ್ರಿಮ್ಮಿನ ಪಾಲು. ಟ್ರಿಮ್ಮನ್ನು ಮೊದಲೇ ಒಂದು ಕೊನೆಗೆ ತಿರುಗಿಸಿಬಿಟ್ಟರೆ ಮೈದಾನದಲ್ಲಿ ತಿದ್ದಲು ಏನೂ ಉಳಿಯುವುದಿಲ್ಲ.

ಫೇಲ್‌ಸೇಫ್

ಬರೆದಿದ್ದರಲ್ಲಿ ಒಂದೇ ಭಾಗ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

ಸಿಗ್ನಲ್ ಕಡಿದುಹೋದರೆ ಗಾಡಿ ಏನು ಮಾಡಬೇಕು ಎಂಬ ಆಜ್ಞೆಗೆ ಫೇಲ್‌ಸೇಫ್ ಎನ್ನುತ್ತಾರೆ. ಚಕ್ರ ಗಾಳಿಯಲ್ಲಿರುವಾಗಲೇ ಟ್ರಿಗರ್ ಅರ್ಧ ಎಳೆದು ಹಿಡಿದು, ಇನ್ನೊಂದು ಕೈಯಿಂದ ಟ್ರಾನ್ಸ್‌ಮಿಟರ್ ಆರಿಸಿದೆ. ಮೋಟರ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಿಂದಿನ ಚಕ್ರಗಳು ಅದೇ ವೇಗದಲ್ಲಿ ಸುಂಯ್ ಎಂದು ತಿರುಗುತ್ತಲೇ ಇದ್ದವು. ಒಂದು, ಎರಡು, ಮೂರು ಎಂದು ಹತ್ತರವರೆಗೆ ಎಣಿಸಿದೆ. ಕೊನೆಗೆ ಗಾಡಿಯ ಸ್ವಿಚ್ ಆರಿಸಿದೆ. ಕೊನೆಗೆ ಬಂದ ಆಜ್ಞೆಯನ್ನೇ ರಿಸೀವರ್ ಹಿಡಿದುಕೊಂಡು ಕೂತಿತ್ತು.

ಇದೇ ಗಾಡಿ ನೆಲದ ಮೇಲೆ, ಮಗುವಿನ ಕೈಯಲ್ಲಿ, ಸೆಲ್ಲು ಮುಗಿದ ಗಳಿಗೆಯಲ್ಲಿ ಹೀಗೆ ಮಾಡಿದ್ದರೆ? ಒಂದೂವರೆ ಕಿಲೋ ತೂಕದ ವಸ್ತು ಯಾರದಾದರೂ ಕಾಲಿಗೆ ಬಡಿಯುವವರೆಗೆ ಓಡುತ್ತಿತ್ತು.

ಸರಿಪಡಿಸುವುದು ಸುಲಭ. ಎಲ್ಲ ಆನ್ ಇರುವಾಗ ಟ್ರಿಗರನ್ನು ನಡುವೆ ಬಿಟ್ಟು, ರಿಸೀವರಿನ ಮೇಲಿರುವ ಸಣ್ಣ ಬಟನ್ನನ್ನು ಎಲ್‌ಇಡಿ ಮಿಟುಕುವವರೆಗೆ ಒತ್ತಿ ಹಿಡಿದೆ. ಸಿಗ್ನಲ್ ಹೋದರೆ ಈ ಸ್ಥಾನಕ್ಕೆ ಬಾ ಎಂದು ಅದು ಕಲಿತುಕೊಂಡಿತು. ಮತ್ತೆ ಪರೀಕ್ಷೆ. ಟ್ರಿಗರ್ ಅರ್ಧ, ಟ್ರಾನ್ಸ್‌ಮಿಟರ್ ಆಫ್. ಒಂದು ಎಂದು ಬಾಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮೋಟರಿಗೆ ಕರೆಂಟ್ ನಿಂತಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ನಿಂತಿತು. ಸೆಲ್ಲಿನ ಮುಚ್ಚಳ ತೆಗೆದು ಒಂದು ಸೆಲ್ಲು ಕಿತ್ತೂ ನೋಡಿದೆ. ಟ್ರಾನ್ಸ್‌ಮಿಟರ್ ಹಚ್ಚದೆ ಬರೀ ಗಾಡಿ ಆನ್ ಮಾಡಿಯೂ ನೋಡಿದೆ, ಅಲುಗಾಡದೆ ನಿಂತಿತ್ತು.

ಎಚ್ಚರಿಕೆಯ ಇನ್ನೊಂದು ಮಾತು. ಮೊದಲು ಫೇಲ್‌ಸೇಫ್ ಇಟ್ಟು ಆಮೇಲೆ ಥ್ರಾಟಲ್ ರಿವರ್ಸ್ ಅಥವಾ ಟ್ರಿಮ್ ಬದಲಿಸಿದರೆ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು. ನಾನು ಈಗ ಪ್ರತಿ ಸಂಜೆ ಗಾಡಿ ನೆಲಕ್ಕಿಡುವ ಮೊದಲು ಒಂದು ಸಲ ಮಾಡುತ್ತೇನೆ.

ಎಷ್ಟು ದೂರ?

ಮೊದಲು ರಿಸೀವರನ್ನು ಬ್ಯಾಟರಿಯ ಪಕ್ಕಕ್ಕೆ ಅಂಟಿಸಿ, ಆ ಬೂದು ಕೇಬಲನ್ನು ಸುರುಳಿ ಸುತ್ತಿ ಕೆಳಗೆ ತುರುಕಿದ್ದೆ. ನೋಡಲು ಚೊಕ್ಕಟ. ಬಯಲಿನಲ್ಲಿ ಹುಡುಗಿ ಗಾಡಿಯನ್ನು ನೆಲಕ್ಕಿಟ್ಟು ಪಕ್ಕದಲ್ಲಿ ನಿಂತಳು. ನಾನು ಸ್ಟೀರಿಂಗನ್ನು ಎಡ ಬಲ ತಿರುಗಿಸುತ್ತಾ ಹೆಜ್ಜೆ ಎಣಿಸುತ್ತಾ ಹಿಂದೆ ಸರಿದೆ. ಚಕ್ರ ತಿರುಗುವುದು ನಿಂತರೆ ಕೈ ಎತ್ತು ಎಂದಿದ್ದೆ. 45ನೇ ಹೆಜ್ಜೆಗೆ ಕೈ ಎತ್ತಿದಳು. ಇಷ್ಟೇನಾ ಎಂದು ಬೇಸರವಾಯಿತು.

ಕಾರಣ ಆಂಟೆನಾ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂ.ಮೀ. ಅದರ ಕಾಲು ಭಾಗ 31 ಮಿ.ಮೀ. ಆ ಕೇಬಲ್ಲಿನ ತುದಿಯಲ್ಲಿ ಹೊರಗಿನ ಬಲೆ ಬಿಡಿಸಿ ತೆಳ್ಳಗೆ ಬಿಟ್ಟಿರುವ ಭಾಗವನ್ನು ಸ್ಕೇಲಿನಲ್ಲಿ ಅಳೆದೆ, ಸರಿಯಾಗಿ 31 ಮಿ.ಮೀ. ನಿಜವಾದ ಆಂಟೆನಾ ಅಷ್ಟೇ. ಉಳಿದದ್ದೆಲ್ಲ ಸಿಗ್ನಲ್ ಒಯ್ಯುವ ಕೇಬಲ್. ಆ 31 ಮಿ.ಮೀ.ಯನ್ನೇ ನಾನು ಬ್ಯಾಟರಿಯ ಕೆಳಗೆ ಬಚ್ಚಿಟ್ಟಿದ್ದೆ. ಲೋಹ ತುಂಬಿದ ಬ್ಯಾಟರಿ ಅಡ್ಡ ಕೂತರೆ ಅದಕ್ಕೆ ಏನು ಕೇಳಿಸೀತು?

ಒಂದು ತೆಳು ಪ್ಲಾಸ್ಟಿಕ್ ಕೊಳವೆಯನ್ನು ಗಾಡಿಯ ಮೇಲೆ ನೆಟ್ಟಗೆ ನಿಲ್ಲಿಸಿ ಕೇಬಲನ್ನು ಅದರೊಳಗೆ ಏರಿಸಿದೆ. ತುದಿ ಮಡಿಸಲಿಲ್ಲ, ಕತ್ತರಿಸಲಿಲ್ಲ. ಕೊಳವೆಯ ಬಾಯಿಗೆ ಒಂದು ರಬ್ಬರ್ ಟೋಪಿ, ಗಾಡಿ ಮಗುಚಿದಾಗ ಕೇಬಲ್ ಹೊರಬರದಿರಲಿ ಎಂದು. ರಿಸೀವರನ್ನು ಮೋಟರ್ ಮತ್ತು ದಪ್ಪ ವೈರ್‌ಗಳಿಂದ ದೂರಕ್ಕೆ, ದಪ್ಪ ಸ್ಪಂಜಿನ ಅಂಟುಪಟ್ಟಿಯ ಮೇಲೆ ಕೂರಿಸಿದೆ. ಅದೇ ಬಯಲು, ಅದೇ ಸೆಲ್ಲು. ಈ ಸಲ 130 ಹೆಜ್ಜೆಗೆ ಚಕ್ರ ಒಂದೊಂದು ಸಲ ತಡವರಿಸಿತು. ಗಾಡಿಯನ್ನು ಎದೆಯ ಎತ್ತರಕ್ಕೆ ಎತ್ತಿ ಹಿಡಿ ಎಂದೆ. 200 ಹೆಜ್ಜೆ ದಾಟಿದರೂ ತಡವರಿಸಲಿಲ್ಲ. ನೆಲಕ್ಕೆ ಹತ್ತಿರ ಇದ್ದಷ್ಟೂ ದೂರ ಕಡಿಮೆ. ನಾನು ಬೆನ್ನು ತಿರುಗಿಸಿ ನಿಂತು ಟ್ರಾನ್ಸ್‌ಮಿಟರನ್ನು ಹೊಟ್ಟೆಗೆ ಒತ್ತಿ ಹಿಡಿದಾಗ 110ಕ್ಕೇ ತಡವರಿಕೆ ಶುರುವಾಯಿತು. ನಮ್ಮ ಮೈಯಲ್ಲಿ ನೀರೇ ಜಾಸ್ತಿ, ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ.

130 ಹೆಜ್ಜೆ ದೂರದಲ್ಲಿ ಗಾಡಿಯ ಮೂತಿ ಯಾವ ಕಡೆ ಇದೆ ಎಂದೇ ಕಾಣುವುದಿಲ್ಲ. ಆರಂಭದ ಹಂತದ ಸೆಟ್ಟಿನಿಂದ ಇದಕ್ಕಿಂತ ಜಾಸ್ತಿ ನನಗೆ ಬೇಕಿಲ್ಲ.

ಗೋಡೆಗೆ ಗುದ್ದಿದಾಗ ಸತ್ತಂತಾಗುವ ಗಾಡಿ

ಎರಡು ಸಂಜೆ ಚೆನ್ನಾಗಿ ಓಡಿತು. ಮೂರನೇ ಸಂಜೆ ಹುಡುಗಿ ಗಾಡಿಯ ಮೂತಿಯನ್ನು ಗೋಡೆಗೆ ತಾಗಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ಎಳೆಯಲು ನೋಡಿದಳು. ಗಾಡಿ ಸ್ತಬ್ಧ. ಒಂದು ಸೆಕೆಂಡ್ ಆದ ಮೇಲೆ ಜೀವ ಬಂತು. ಮತ್ತೆ ಹಾಗೇ ಆಯಿತು.

“ಮಾಮಾ, ರಿಮೋಟ್ ಕೆಟ್ಟೋಯ್ತಾ?”

ನನಗೂ ಮೊದಲು ಬಂದ ಅನುಮಾನ ಅದೇ. ಆದರೆ ನಾವು ನಿಂತಿದ್ದು ಗಾಡಿಯಿಂದ ಎಂಟು ಹೆಜ್ಜೆ ದೂರದಲ್ಲಿ. ಹತ್ತಿರ ಹೋಗಿ ರಿಸೀವರಿನ ಎಲ್‌ಇಡಿ ನೋಡುತ್ತಾ ಮತ್ತೆ ಮಾಡಿಸಿದೆ. ಸಿಗ್ನಲ್ ಹೋದರೆ ಈ ಎಲ್‌ಇಡಿ ಮಿಟುಕುತ್ತದೆ. ಇಲ್ಲಿ ಮಿಟುಕಲಿಲ್ಲ, ಪೂರ್ತಿ ಆರಿ ಮತ್ತೆ ಹತ್ತಿತು. ರಿಸೀವರಿಗೆ ಕರೆಂಟೇ ಇರಲಿಲ್ಲ ಎಂದಾಯಿತು. ರೇಡಿಯೋದ ತಪ್ಪಲ್ಲ.

ಮನೆಗೆ ಬಂದು ರಿಸೀವರಿನ ಖಾಲಿ ಸಿಎಚ್ 3ಕ್ಕೆ ಮಲ್ಟಿಮೀಟರ್ ಹಚ್ಚಿದೆ. ಸುಮ್ಮನಿದ್ದಾಗ 5.0 ವೋಲ್ಟ್. ಮುಂದಿನ ಚಕ್ರಗಳನ್ನು ಕೈಯಿಂದ ಬಿಗಿಯಾಗಿ ಹಿಡಿದು ಸ್ಟೀರಿಂಗ್ ತಿರುಗಿಸಿ ಟ್ರಿಗರ್ ಎಳೆದಾಗ ಅತಿ ಕಡಿಮೆ ಅಂಕಿ 4.1 ಎಂದು ತೋರಿಸಿತು. ಮೀಟರ್ ನಿಧಾನ, ಗಳಿಗೆಯ ಇಳಿತವನ್ನು ಅದು ಪೂರ್ತಿ ಹಿಡಿಯುವುದಿಲ್ಲ. ನಿಜವಾದ ಇಳಿತ ಇನ್ನೂ ಆಳಕ್ಕಿರಬೇಕು.

ಇಂಥ ಕಡೆ ಜನ ಮೊದಲು ಮಾಡುವ ಉಪಾಯ 4700 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರನ್ನು, ಅಂದರೆ ಸ್ವಲ್ಪ ವಿದ್ಯುತ್ ಕೂಡಿಟ್ಟು ಗಳಿಗೆಯ ಇಳಿತಕ್ಕೆ ಕೊಡುವ ಬಿಡಿಭಾಗವನ್ನು, ಖಾಲಿ ಚಾನೆಲ್ಲಿಗೆ ಚುಚ್ಚುವುದು. ಎಲ್ಲ ಚಾನೆಲ್ಲಿನ ಪಾಸಿಟಿವ್, ನೆಗೆಟಿವ್ ಪಿನ್‌ಗಳು ಒಳಗೆ ಒಂದೇ ಆಗಿರುವುದರಿಂದ ಯಾವ ಕಿಂಡಿಯಾದರೂ ಸರಿ. 16 ವೋಲ್ಟಿನದ್ದು ತೆಗೆದುಕೊಂಡು ಹಳೆ ಸರ್ವೋ ವೈರಿಗೆ ಬೆಸುಗೆ ಹಾಕಿದೆ. ಪಟ್ಟಿ ಎಳೆದಿರುವ ಕಾಲು ನೆಗೆಟಿವ್. ಉಲ್ಟಾ ಹಾಕಿದರೆ ಅದು ಉಬ್ಬಿ ಸಿಡಿಯಬಹುದು. ಪರಿಣಾಮ ಕಂಡಿತು. ಬ್ಯಾಟರಿ ತುಂಬಿದ್ದಾಗ ಗಾಡಿ ಸ್ತಬ್ಧವಾಗುವುದು ನಿಂತಿತು. ಬ್ಯಾಟರಿ ಅರ್ಧ ಖಾಲಿಯಾದ ಮೇಲೆ ಮತ್ತೆ ಶುರು.

ಆಗ ಬ್ಯಾಟರಿ ಬಿಚ್ಚಲು ಕೈ ಹಾಕಿದೆ. ಕನೆಕ್ಟರ್ ಬೆಚ್ಚಗಿತ್ತು. ವೈರ್ ತಣ್ಣಗಿದೆ, ಕನೆಕ್ಟರ್ ಮಾತ್ರ ಬೆಚ್ಚಗೆ! ಹಳೆಯ ಬಿಳಿ ಪ್ಲಾಸ್ಟಿಕ್ಕಿನದ್ದು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿತ್ತು. ಪಿನ್ನಿನ ಕೊಳವೆ ಅಗಲವಾಗಿ ಸಡಿಲಾಗಿತ್ತು. ಮೀಟರಿನ ಒಂದು ಮುಳ್ಳನ್ನು ಕನೆಕ್ಟರಿನ ಬ್ಯಾಟರಿ ಕಡೆ, ಇನ್ನೊಂದನ್ನು ಇಎಸ್‌ಸಿ ಕಡೆ ಇಟ್ಟು ಟ್ರಿಗರ್ ಎಳೆಸಿದೆ. ಅಷ್ಟೇ ಜಾಗದಲ್ಲಿ 0.9 ವೋಲ್ಟ್ ಕಳೆದುಹೋಗುತ್ತಿತ್ತು. ಅರ್ಧ ಖಾಲಿ ಬ್ಯಾಟರಿ ಮೋಟರಿನ ಎಳೆತಕ್ಕೆ ಮೊದಲೇ ಕುಸಿದಿರುತ್ತದೆ, ಅದರ ಮೇಲೆ ಇಷ್ಟು ಹೋದರೆ 5 ವೋಲ್ಟ್ ಕೊಡಲು ಬಿಇಸಿಗೆ ಏನು ಉಳಿಯುತ್ತದೆ?

ಎರಡೂ ಕಡೆಗೆ ಹಳದಿ ಎಕ್ಸ್‌ಟಿ60 ಕನೆಕ್ಟರ್ ಹಾಕಿದೆ. ಬೆಸುಗೆ ಹಾಕುವಾಗ ಗಂಡು ಹೆಣ್ಣು ಎರಡನ್ನೂ ಜೋಡಿಸಿಟ್ಟೇ ಕಾಯಿಸಿದೆ, ಇಲ್ಲದಿದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ವಾಲುತ್ತದೆ. ಅದೇ ಅಳತೆ ಮತ್ತೆ ಮಾಡಿದರೆ ಮೀಟರ್ ಸೊನ್ನೆಯಿಂದ ಮೇಲೇಳುವುದೇ ಕಷ್ಟ. ಕೆಪಾಸಿಟರ್ ಕಿತ್ತು ನೋಡಿದೆ, ಬ್ಯಾಟರಿ ಪೂರ್ತಿ ಇಳಿಯುವವರೆಗೂ ಒಂದು ಸಲವೂ ಗಾಡಿ ಸ್ತಬ್ಧವಾಗಲಿಲ್ಲ. ಹಳೆ ರೇಡಿಯೋ ಇದ್ದಾಗ ನಡೆದ ಎಷ್ಟು ಹೊಯ್ದಾಟಕ್ಕೆ ಈ ಕನೆಕ್ಟರೇ ಕಾರಣವಾಗಿತ್ತೋ!

ನಡುವಿಗೆ ಬಾರದ ಸ್ಟೀರಿಂಗ್

ಇದನ್ನು ಕಂಡುಹಿಡಿದದ್ದು ಹುಡುಗಿ.

“ಮಾಮಾ, ಎಡಕ್ಕೆ ತಿರುಗ್ಸಿ ಬಿಟ್ರೆ ಸ್ವಲ್ಪ ಎಡಕ್ಕೇ ಹೋಗತ್ತೆ. ಬಲಕ್ಕೆ ತಿರುಗ್ಸಿ ಬಿಟ್ರೆ ಬಲಕ್ಕೆ.”

ಎಷ್ಟು ಸರಿಯಾಗಿ ಹೇಳಿದಳು ನೋಡಿ. ಯಾವಾಗಲೂ ಒಂದೇ ಕಡೆ ಎಳೆದರೆ ಅದು ಟ್ರಿಮ್ಮಿನ ವಿಷಯ. ಎಲ್ಲಿಂದ ಬಂದರೆ ಆ ಕಡೆಗೇ ಉಳಿದರೆ ಟ್ರಿಮ್ಮಿನಿಂದ ಸರಿಹೋಗುವುದಿಲ್ಲ. ಎಲ್ಲೋ ಒಂದು ಕಡೆ ಸಡಿಲು ಅಥವಾ ಬಿಗಿ ಇದೆ ಎಂದರ್ಥ. ಅದು ಗಾಡಿಯಲ್ಲೋ, ಸರ್ವೋದಲ್ಲೋ, ಟ್ರಾನ್ಸ್‌ಮಿಟರಿನಲ್ಲೋ?

ಸರ್ವೋದಿಂದ ಚಕ್ರಕ್ಕೆ ಹೋಗುವ ಕಡ್ಡಿ ಬಿಚ್ಚಿ ಚಕ್ರಗಳನ್ನು ಬೆರಳಿನಿಂದ ಆಡಿಸಿದೆ, ಹಗುರವಾಗಿ ತಿರುಗಿದವು. ಆಮೇಲೆ ಸಿಎಚ್ 1ರ ಸಿಗ್ನಲನ್ನೇ ಅಳೆದೆ. ರಿಸೀವರ್ ಸರ್ವೋಗೆ ಸೆಕೆಂಡಿಗೆ 50 ಸಲ ಒಂದು ಪುಟ್ಟ ಮಿಡಿತ ಕಳಿಸುತ್ತದೆ. ಮಿಡಿತದ ಅಗಲ 1500 ಮೈಕ್ರೋಸೆಕೆಂಡ್ ಇದ್ದರೆ ನಡು, 1000ದ ಹತ್ತಿರ ಒಂದು ಕೊನೆ, 2000ದ ಹತ್ತಿರ ಇನ್ನೊಂದು ಕೊನೆ. ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸಿಗ್ನಲ್ ಮತ್ತು ನೆಗೆಟಿವ್ ವೈರ್ ಕೊಟ್ಟು ಅಗಲವನ್ನು ಕಂಪ್ಯೂಟರ್ ಪರದೆಗೆ ಬರೆಸಿದೆ. ಎಡಕ್ಕೆ ತಿರುಗಿಸಿ ಬಿಟ್ಟರೆ 1493. ಬಲಕ್ಕೆ ತಿರುಗಿಸಿ ಬಿಟ್ಟರೆ 1508. ಇಪ್ಪತ್ತು ಸಲ ಮಾಡಿದರೂ ಹೆಚ್ಚುಕಮ್ಮಿ ಇವೇ ಅಂಕಿ. ಸರ್ವೋ 500 ಮೈಕ್ರೋಸೆಕೆಂಡಿಗೆ 45 ಡಿಗ್ರಿ ತಿರುಗುತ್ತದೆ ಎಂದಿಟ್ಟುಕೊಂಡರೆ ಈ 15ಕ್ಕೆ 1.35 ಡಿಗ್ರಿ. ಕಣ್ಣಿಗೆ ಕಾಣದು, ಆದರೆ ಜೋರಾಗಿ ಓಡುವ ಗಾಡಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಸೆಲ್ಲು ತೆಗೆದು ಟ್ರಾನ್ಸ್‌ಮಿಟರ್ ಬಿಚ್ಚಿದೆ. ಸ್ಟೀರಿಂಗ್ ಚಕ್ರದ ಹಿಂದೆ ಒಂದು ಸ್ಪ್ರಿಂಗ್. ಅದರ ಎರಡು ಕಾಲುಗಳು ಒಂದು ಪ್ಲಾಸ್ಟಿಕ್ ಗೂಟವನ್ನು ಎರಡೂ ಕಡೆಯಿಂದ ಅಪ್ಪಿಕೊಂಡಿರುತ್ತವೆ. ಚಕ್ರ ನಡುವಿಗೆ ಬರುವುದು ಅದರಿಂದ. ಅದರ ಹಿಂದೆ ಚಕ್ರ ಎಷ್ಟು ತಿರುಗಿತೆಂದು ಅಳೆಯುವ, ಬಿ5ಕೆ ಎಂದು ಬರೆದ ಪೊಟೆನ್ಶಿಯೋಮೀಟರ್, ಅಂದರೆ 5 ಕಿಲೋಓಮ್. ದುಬಾರಿ ಸೆಟ್‌ಗಳಲ್ಲಿ ಇದರ ಬದಲು ಅಯಸ್ಕಾಂತ ನೋಡಿ ಅಳೆಯುವ ಹಾಲ್ ಸೆನ್ಸರ್ ಇರುವುದುಂಟು, ಅದರಲ್ಲಿ ಉಜ್ಜಿ ಸವೆಯುವ ಭಾಗ ಇರುವುದಿಲ್ಲ.

ಗೂಟದ ಮೇಲೆ ಬೆರಳ ಉಗುರು ಆಡಿಸಿದೆ. ಅಚ್ಚು ಕೂಡಿದ ಕಡೆ ಒಂದು ಸಣ್ಣ ಏಣು ತಗುಲಿತು. ಸ್ಪ್ರಿಂಗಿನ ಕಾಲು ಅದಕ್ಕೆ ಸಿಕ್ಕಿ ನಿಲ್ಲುತ್ತಿತ್ತು. ಬ್ಲೇಡನ್ನು ನೆಟ್ಟಗೆ ಹಿಡಿದು ಏಣನ್ನು ಕೆರೆದೆ, ನುಣುಪು ಉಪ್ಪುಕಾಗದದಿಂದ ಉಜ್ಜಿದೆ. ಇನ್ನೊಂದು ತಪ್ಪು ಪೊಟೆನ್ಶಿಯೋಮೀಟರಿನ ದಂಡದಲ್ಲಿ. ಒಂದು ಬದಿ ಚಪ್ಪಟೆ ಇರುವ ದಂಡ ಅದು. ಚಕ್ರದ ರಂಧ್ರದಲ್ಲಿ ಕೂದಲೆಳೆಯಷ್ಟು ಸಡಿಲಾಗಿ ಕೂತಿತ್ತು. ಪ್ಯಾಕಿಂಗಿನ ತೆಳು ಪಾರದರ್ಶಕ ಪ್ಲಾಸ್ಟಿಕ್ಕಿನಿಂದ 3 ಮಿ.ಮೀ. ಅಗಲದ ಚೂರು ಕತ್ತರಿಸಿ ಚಪ್ಪಟೆ ಬದಿಗೆ ಇಟ್ಟು ಚಕ್ರ ಒತ್ತಿದೆ. ಈಗ ಬಿಗಿ. ಗೂಟಕ್ಕೆ ಸೂಜಿಯ ಮೊನೆಯಷ್ಟು ಸಿಲಿಕೋನ್ ಗ್ರೀಸ್. ಪೊಟೆನ್ಶಿಯೋಮೀಟರಿನ ಒಳಗೆ ಗ್ರೀಸ್ ಹೋಗಬಾರದು.

ಮತ್ತೆ ಅಳತೆ. ಎಡದಿಂದ 1499, ಬಲದಿಂದ 1503. ವ್ಯತ್ಯಾಸ 15ರಿಂದ 4ಕ್ಕೆ ಇಳಿಯಿತು.

ಉಳಿದ ಒಂದು ಕೆಲಸ

ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಸರ್ವೋ ಗುಂಯ್‌ಗುಡುತ್ತಿತ್ತು. ಚಕ್ರ ಕೊನೆ ಮುಟ್ಟಿದ ಮೇಲೂ ಸರ್ವೋ ಒತ್ತುತ್ತಲೇ ಇದೆ. ಅಳೆದರೆ ಆಗ 0.6 ಆಂಪಿಯರ್, ಸುಮ್ಮನಿದ್ದಾಗ ಅದರ ಹತ್ತನೇ ಒಂದು ಪಾಲೂ ಇಲ್ಲ. ಎಂಡ್ ಪಾಯಿಂಟ್ ಇದ್ದಿದ್ದರೆ ಎಡಕ್ಕೆ ಮಾತ್ರ ಕಡಿಮೆ ಮಾಡಬಹುದಿತ್ತು. ಡ್ಯುಯಲ್ ರೇಟ್ ಗುಂಡಿ ಎರಡೂ ಕಡೆಯನ್ನು ಒಟ್ಟಿಗೆ ತಗ್ಗಿಸುತ್ತದೆ. ಎಡದ ಗುಂಯ್ ನಿಲ್ಲುವಷ್ಟು ತಗ್ಗಿಸಿದರೆ ಬಲಕ್ಕೆ ತಿರುವು ಸಾಲುವುದಿಲ್ಲ.

ಹಾಗಾಗಿ ಗಾಡಿಯಲ್ಲೇ ತಿದ್ದಿದೆ. ಕಡ್ಡಿಯ ತುದಿಯ ಸ್ಕ್ರೂ ಎರಡು ಸುತ್ತು ತಿರುಗಿಸಿ ಉದ್ದ ಸರಿಮಾಡಿದಾಗ ಎರಡೂ ಕಡೆ ಒಂದೇ ಸಮಕ್ಕೆ ಕೊನೆ ಮುಟ್ಟಿತು. ಆಮೇಲೆ ಕಡ್ಡಿಯನ್ನು ಸರ್ವೋ ಕೈಯ ಹೊರಗಿನ ರಂಧ್ರದಿಂದ ಒಂದು ರಂಧ್ರ ಒಳಕ್ಕೆ ಹಾಕಿದೆ. ಈಗ ಸರ್ವೋ ಪೂರ್ತಿ ತಿರುಗಿದರೂ ಕಡ್ಡಿ ಕಡಿಮೆ ದೂರ ಸಾಗುತ್ತದೆ, ಒತ್ತುವ ಬಲ ಮಾತ್ರ ಹೆಚ್ಚುತ್ತದೆ. ಡ್ಯುಯಲ್ ರೇಟ್ ಗುಂಡಿಯನ್ನು ಪೂರ್ತಿ ಏರಿಸಿದೆ. ಎಡಕ್ಕೂ ಬಲಕ್ಕೂ ಸರ್ವೋ ಸದ್ದಿಲ್ಲ.

ಸೆಲ್ಲಿನ ಲೆಕ್ಕವನ್ನೂ ಇದೇ ಸಂಜೆ ಮುಗಿಸಿದೆ. ಹೊಸ ಆಲ್ಕಲೈನ್ ಸೆಲ್ಲು ನಾಲ್ಕು ಸೇರಿ 6.3 ವೋಲ್ಟ್, ಚಾರ್ಜ್ ಮಾಡುವ ನಿಕಲ್ ಸೆಲ್ಲು ನಾಲ್ಕು ಸೇರಿ 5.2. ವೋಲ್ಟೇಜ್ ಬದಲಿಸಬಲ್ಲ ಪವರ್ ಸಪ್ಲೈ ಕೊಟ್ಟು ನಿಧಾನವಾಗಿ ಇಳಿಸಿದೆ. 4.2ಕ್ಕೆ ಟ್ರಾನ್ಸ್‌ಮಿಟರ್ ಕೂಗಲು ಶುರುಮಾಡಿತು. ಸೆಲ್ಲಿಗೆ 1.05 ವೋಲ್ಟ್ ಎಂದಾಯಿತು, ಚಾರ್ಜ್ ಸೆಲ್ಲಿಗೆ ಇದು ಒಪ್ಪುವ ಅಂಕಿ. ಇನ್ನು ಅವನ್ನೇ ಹಾಕುತ್ತೇನೆ.

ಬಯಲಿನಲ್ಲಿ ಎರಡು ಕಲ್ಲು ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಓಡಿಸು ಎಂದೆ. ಮೊದಲ ಸುತ್ತಿನಲ್ಲಿ ಒಂದು ಕಲ್ಲು ತಾಗಿತು. ನಾಲ್ಕನೆಯದರಿಂದ ಮುಂದೆ ತಾಗಲಿಲ್ಲ. ತಿರುವು ಮುಗಿದ ಕಡೆ ಅವಳು ಸ್ಟೀರಿಂಗ್ ಬಿಟ್ಟುಬಿಡುತ್ತಾಳೆ, ಗಾಡಿ ನೆಟ್ಟಗೆ ಓಡುತ್ತದೆ. ಕತ್ತಲಾದ ಮೇಲೂ ಓಡಿಸಬೇಕಂತೆ. ಮೂರನೇ ಚಾನೆಲ್ಲಿನ ಬಟನ್ನಿಗೆ ಮುಂದಿನ ಎರಡು ಎಲ್‌ಇಡಿ ದೀಪ ಜೋಡಿಸುವ ಕೆಲಸ ನಾಳೆಗೆ.